ಸೊನ್ನೆ ಹಾಕದ ಚೌಗುಲೆ ಸರ್

ಚೌಗುಲೆ ಸರ್ ಉತ್ತರಪತ್ರಿಕೆ ತಿದ್ದುವಾಗ ಖಾಲಿ ಬಿಟ್ಟ ಪ್ರಶ್ನೆಗೆ ಸೊನ್ನೆ ಹಾಕುತ್ತಿರಲಿಲ್ಲ. ಕೆಂಪು ಪೆನ್ನಿನಿಂದ ಒಂದು ಅಡ್ಡಗೆರೆ ಎಳೆದು ಮುಂದಿನ ಪುಟ ತಿರುವುತ್ತಿದ್ದರು. ಬರೆಯಲು ಹೋಗಿ ಪೂರ್ತಿ ಎಡವಿದವರಿಗೆ ಮಾತ್ರ ಸೊನ್ನೆ. ಪರೀಕ್ಷಾ ವಿಭಾಗದವರಿಗೆ ಇದೊಂದು ತಲೆನೋವು. ಅವರ ಕಂಪ್ಯೂಟರ್ ಅಂಕಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಪ್ರತಿ ಸಲವೂ ಅಲ್ಲಿಯ ಗುಮಾಸ್ತರು ಪತ್ರಿಕೆಯ ಕಟ್ಟು ಹೊತ್ತುಕೊಂಡು ಬಂದು, ಕೂಡಿಸಿದರೆ ಗೆರೆ, ಸೊನ್ನೆ ಎರಡೂ ಒಂದೇ ಆಗುತ್ತವಲ್ಲ ಎಂದು ಗೋಗರೆಯುವುದು, ಸರ್ ಗುಮಾಸ್ತರನ್ನು ಕೂರಿಸಿಕೊಂಡು ಚಹಾ ತರಿಸಿ ಅದೇ ಪಾಠವನ್ನು ಮತ್ತೆ ಹೇಳುವುದು ನಡೆದೇ ಇತ್ತು.

"ಒಬ್ಬಾಂವ ಬರದು ತಪ್ಪಿದ, ಇನ್ನೊಬ್ಬಾಂವ ಬರೀಲೇ ಇಲ್ಲ. ಅವಗ ಏನ್ ಬರತೈತಿ, ಏನ್ ಬರೂದಿಲ್ಲ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಸೊನ್ನಿ ಹಾಕಿದ್ರ ನಾ ಸುಳ್ಳ ಹೇಳಿದಂಗ ಆತಲ್ರಿ."

ಗುಮಾಸ್ತರು ಚಹಾ ಮುಗಿಸಿ, ತಲೆಯಾಡಿಸಿ, ತಮ್ಮ ಕೋಣೆಗೆ ಹೋಗಿ ಆ ಗೆರೆಗಳಿದ್ದಲ್ಲೆಲ್ಲ ತಾವೇ ಸೊನ್ನೆ ತುಂಬುತ್ತಿದ್ದರು. ಇದು ಇಡೀ ಕಾಲೇಜಿಗೆ ಗೊತ್ತಿತ್ತು. ಸರ್‌ಗೂ ಗೊತ್ತಿತ್ತೆಂದೇ ನನ್ನ ಗುಮಾನಿ.

ಬೆಳಗಾವಿಯ ಆ ಕಾಲೇಜಿನಲ್ಲಿ ನಾನು ಅವರ ಕೈಕೆಳಗೆ ಗಣಿತ ಓದಿದೆ. ನಮ್ಮದು ದೇಸೂರು. ಅಪ್ಪ ಕುರಿ ಕಾಯ್ದವರು, ನಮ್ಮ ಮನೆಯಿಂದ ಡಿಗ್ರಿ ಮುಟ್ಟಿದವಳು ನಾನೇ ಮೊದಲು. ಸರ್ ಖಾನಾಪುರದವರು. ದಿನಾ ಬೆಳಿಗ್ಗೆ ಅವರು ಕೂತು ಬಂದ ರೈಲನ್ನೇ ನಾನು ದೇಸೂರಿನಲ್ಲಿ ಹತ್ತುತ್ತಿದ್ದೆ. ಧರಣೇಂದ್ರ ಚೌಗುಲೆ ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಕಿಟಕಿ ಪಕ್ಕದ ಆ ಉದ್ದ ಮನುಷ್ಯ. ಸಂಜೆ ವಾಪಸು ಹೊರಟಾಗ ಕೂರುವ ಮುಂಚೆ ಕರವಸ್ತ್ರದಿಂದ ಸೀಟನ್ನು ಮೆಲ್ಲಗೆ ಒರೆಸುತ್ತಿದ್ದರು. ಪ್ಯಾಂಟು ಕೊಳೆಯಾದೀತೆಂದಲ್ಲ, ಇರುವೆ ಇದ್ದರೆ ಅದಕ್ಕೆ ನೋವಾಗಬಾರದೆಂದು. ದಿನಾ ಪಾಸಿನ ಮೇಲೆ ಓಡಾಡುವ ಮಂದಿ ನಕ್ಕರೆ ತಾವೂ ನಗುತ್ತಿದ್ದರು, ಒರೆಸುವುದನ್ನು ಮಾತ್ರ ಬಿಡುತ್ತಿರಲಿಲ್ಲ.

ಓದು ಮುಗಿದ ಮೇಲೆ ನನಗೆ ಮಹಾಂತೇಶ ನಗರದಲ್ಲಿ ಒಂದು ಮನೆಯ ಮಹಡಿಯ ಮೇಲಿದ್ದ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ರೈಲು ಅದೇ, ಸೀಟು ಅದೇ. ಒಂದು ದಿನ ಸರ್ ನನ್ನ ಲ್ಯಾಪ್‌ಟಾಪಿನೊಳಗೆ ಇಣುಕಿ, ಈ ಲೆಕ್ಕಗಳನ್ನೆಲ್ಲ ನೀನೇ ಬರೆಯುತ್ತೀಯೋ ಎಂದು ಕೇಳಿದರು. ಇಲ್ಲ ಸರ್, ಇವೆಲ್ಲ ತಯಾರಾಗಿಯೇ ಸಿಗುತ್ತವೆ ಅಂದೆ. ಜಗತ್ತಿನ ಬೇರೆ ಬೇರೆ ಮೂಲೆಯ ಜನ ಪುಕ್ಕಟೆಯಾಗಿ ಬರೆದಿಟ್ಟ ಲೆಕ್ಕಗಳ ಭಂಡಾರವೊಂದಿದೆ, ಲೈಬ್ರರಿ ಅನ್ನುತ್ತೇವೆ, ಬೇಕಾದ ಲೆಕ್ಕವನ್ನು ಹೆಸರು ಹಿಡಿದು ಕರೆದರೆ ಉತ್ತರ ಕೊಡುತ್ತದೆ, ತಪ್ಪು ಕಂಡರೆ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು ಎಂದು ವಿವರಿಸಿದೆ. ಅಷ್ಟು ಹೇಳಿದ್ದೇ ನನ್ನ ತಪ್ಪಾಯಿತು. ಮರುವಾರದಿಂದ ಸರ್ ಕಾಲೇಜು ಮುಗಿಸಿ ನೇರ ನಮ್ಮ ಆಫೀಸಿಗೆ ಬರತೊಡಗಿದರು. ಐವತ್ತು ದಾಟಿದ ಮೇಲೆ ಪ್ರೋಗ್ರಾಮ್ ಬರೆಯಲು ಕಲಿತು, ಆ ಲೈಬ್ರರಿಯ ಲೆಕ್ಕಗಳನ್ನು ಒಂದೊಂದಾಗಿ ಉತ್ತರಪತ್ರಿಕೆಯಂತೆ ತಿದ್ದಲು ಕೂತರು. ಪರೀಕ್ಷಿಸಿ ನೋಡುವ ಕೂಲಿ ಕೆಲಸ ನನ್ನದು.

ಲೈಬ್ರರಿ ನೋಡಿಕೊಳ್ಳುವವರ ಜತೆ ಆಗಾಗ ವಿಡಿಯೊ ಸಭೆ ಇರುತ್ತಿತ್ತು. ಅವರಿಗೆಲ್ಲ ಅನುಕೂಲವಾದ ಸಮಯ ನಮಗೆ ಸಂಜೆ. ಸರ್ ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಹಾಗಾಗಿ ಗಂಭೀರ ಚರ್ಚೆಯ ನಡುವೆ, ಸೂರ್ಯ ಹೋಗುತ್ತಿದ್ದಾನೆ, ನನಗೆ ಸ್ವಲ್ಪ ಬಿಡುವು ಬೇಕು ಎಂದು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಹೇಳಿ, ಡಬ್ಬಿ ಬಿಚ್ಚಿ ಚಪಾತಿ, ಹೆಸರುಕಾಳಿನ ಪಲ್ಯ ತಿನ್ನುತ್ತಿದ್ದರು. ಮೊದಮೊದಲು ಆ ಕಡೆಯವರು ಬೆರಗಾದರು. ಆಮೇಲೆ ಸಭೆಯನ್ನೇ ಸರ್ ಊಟ ಮುಗಿಸುವ ಹೊತ್ತಿಗೆ ಹಾಕಿಕೊಂಡರು. ಬೆಳಗಾವಿಯ ಸೂರ್ಯನನ್ನು ಲೆಕ್ಕಕ್ಕೆ ಹಿಡಿದು ನಡೆದ ಸಭೆ ಅದೊಂದೇ ಇರಬೇಕು.

ಸರ್ ಹಿಡಿದು ಕೂತದ್ದು ಫ್ಯಾಕ್ಟೋರಿಯಲ್ ಎಂಬ ಲೆಕ್ಕವನ್ನು. ಐದು ಮಂದಿಯನ್ನು ಒಂದು ಬೆಂಚಿನ ಮೇಲೆ ಎಷ್ಟು ಬಗೆಯಲ್ಲಿ ಕೂರಿಸಬಹುದು ಎಂದು ಕೇಳಿದರೆ ಐದು, ನಾಲ್ಕು, ಮೂರು, ಎರಡು, ಒಂದು ಇವನ್ನು ಗುಣಿಸಬೇಕು, ನೂರಿಪ್ಪತ್ತು ಬರುತ್ತದೆ. ಅದನ್ನು ಐದರಿಂದ ಭಾಗಿಸಿದರೆ ನಾಲ್ಕು ಮಂದಿಯ ಉತ್ತರ, ಇಪ್ಪತ್ನಾಲ್ಕು. ಹೀಗೆ ಭಾಗಿಸುತ್ತ ಕೆಳಗಿಳಿದರೆ ಒಂದರ ಉತ್ತರ ಒಂದು, ಸೊನ್ನೆಯ ಉತ್ತರವೂ ಒಂದು. ಅಲ್ಲಿಂದಾಚೆ, ಮೈನಸ್ ಒಂದಕ್ಕೆ ಹೋಗಬೇಕಾದರೆ ಸೊನ್ನೆಯಿಂದ ಭಾಗಿಸಬೇಕು. ಅದು ಆಗದ ಕೆಲಸ. ಹಾಗಾಗಿ ಮೈನಸ್ ಒಂದು, ಮೈನಸ್ ಎರಡು ಇಂಥವಕ್ಕೆ ಉತ್ತರವೇ ಇಲ್ಲ. ಆದರೆ ಇವುಗಳ ನಡುವೆ ಬರುವ ಮೈನಸ್ ಅರ್ಧದಂಥ ಸಂಖ್ಯೆಗಳಿಗೆ ಉತ್ತರ ಇದೆ, ಗಣಿತದವರು ಎಂದೋ ಕಂಡುಹಿಡಿದಿದ್ದಾರೆ. ನಮ್ಮ ಲೈಬ್ರರಿ ಮಾತ್ರ ಸೊನ್ನೆಗಿಂತ ಕೆಳಗಿನ ಯಾವ ಸಂಖ್ಯೆ ಕೊಟ್ಟರೂ ಕಣ್ಣು ಮುಚ್ಚಿ ಸೊನ್ನೆ ಅನ್ನುತ್ತಿತ್ತು.

ಸರ್‌ಗೆ ಮೈಯೆಲ್ಲ ಉರಿಯಿತು. ಉತ್ತರ ಇದ್ದ ಕಡೆಯೂ ಸೊನ್ನೆ, ಇಲ್ಲದ ಕಡೆಯೂ ಸೊನ್ನೆ. ಅವರು ತಿದ್ದುಪಡಿ ಬರೆದರು. ಉತ್ತರ ಇದ್ದ ಕಡೆ ಸರಿಯಾದ ಉತ್ತರ ಕೊಡಬೇಕು, ಇಲ್ಲದ ಕಡೆ ‘ನ್ಯಾನ್’ ಅನ್ನಬೇಕು. ಇದು ಸಂಖ್ಯೆಯೇ ಅಲ್ಲ ಎಂದು ಹೇಳಲು ಕಂಪ್ಯೂಟರಿನಲ್ಲಿರುವ ಗುರುತು ಅದು. ಸರ್ ಅದಕ್ಕೆ ತಮ್ಮದೇ ಆದ ಒಂದು ಹೆಸರಿಟ್ಟಿದ್ದರು.

"ನಮ್ಮ ಧರ್ಮದಾಗ ‘ಐತಿ’, ‘ಇಲ್ಲ’, ಇವೆರಡರ ಬಾಜೂಕ ಇನ್ನೊಂದೈತಿ ತಂಗಿ, ಅವಕ್ತವ್ಯ. ಹೇಳಾಕ ಬರೂದಿಲ್ಲ ಅಂತ. ಈ ಕಂಪ್ಯೂಟರದವರಿಗೂ ಅದು ಗೊತ್ತೈತಿ ನೋಡು, ಖುಷಿ ಆತು ನನಗ."

ನ್ಯಾನ್‌ಗೆ ಒಂದು ಗುಣವಿದೆ. ಒಂದು ಕಡೆ ಅದು ಬಂತೆಂದರೆ ಅದನ್ನು ಕೂಡಿಸಿದ್ದು, ಗುಣಿಸಿದ್ದು, ಮುಂದಿನ ಲೆಕ್ಕವೆಲ್ಲ ನ್ಯಾನ್ ಆಗುತ್ತದೆ. ಸೂತಕ ಇದ್ದ ಹಾಗೆ, ಮುಟ್ಟಿದವರಿಗೆಲ್ಲ ಹತ್ತುತ್ತದೆ ಎಂದು ಸರ್ ಹೇಳುತ್ತಿದ್ದರು. ಲೈಬ್ರರಿಯ ಹಳಬರಿಗೆ ಇದೇ ಭಯ. ಎಷ್ಟೋ ಜನರ ಪ್ರೋಗ್ರಾಮುಗಳು ಆ ಸೊನ್ನೆಯನ್ನು ನಂಬಿ ನಡೆದಿವೆ, ಅವೆಲ್ಲ ಒಮ್ಮೆಗೇ ಕೆಡುತ್ತವೆ, ಅವರ ಗತಿಯೇನು ಎಂದು ಒಬ್ಬರು ಬರೆದರು. ಸುಳ್ಳನ್ನು ಬಹಳ ಜನ ನಂಬಿದ್ದಾರೆ ಎಂಬ ಕಾರಣಕ್ಕೆ ಅದನ್ನು ಉಳಿಸಿಕೊಳ್ಳಬೇಕೇ ಎಂದು ಸರ್ ಮರುತ್ತರ ಬರೆದರು. ಸರಿಯಾದ ಮಾತೇ. ಆದರೆ ತಿಂಗಳುಗಟ್ಟಲೆ ಚರ್ಚೆ ನಡೆದರೂ ಯಾರೂ ಬಗ್ಗಲಿಲ್ಲ, ಎಲ್ಲರಿಗಿಂತ ಕಡಿಮೆ ಬಗ್ಗಿದವರು ಚೌಗುಲೆ ಸರ್.

ಈ ಗುದ್ದಾಟದ ದಿನಗಳಲ್ಲೇ ನಾನು ಖಾನಾಪುರದ ಅವರ ಮನೆಗೆ ಹೆಚ್ಚು ಹೋಗಿಬರತೊಡಗಿದ್ದು. ಮನೆಯಲ್ಲಿ ಸರ್, ಅವರ ಹೆಂಡತಿ, ಮತ್ತು ತಮ್ಮನ ಹೆಂಡತಿ ರಾಜಮತಿ. ತಮ್ಮ ಜಿನದತ್ತ ಇರಲಿಲ್ಲ. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಒಂದು ಮಳೆಗಾಲದಲ್ಲಿ ಆತ ಮೋಟರ್‌ಸೈಕಲ್ ಹತ್ತಿ ಕಣಕುಂಬಿಯ ಕಡೆ ಹೋದವನು ತಿರುಗಿ ಬರಲಿಲ್ಲ. ಗಾಡಿ ಕಾಡಿನಂಚಿನ ರಸ್ತೆಯ ಬದಿಯಲ್ಲಿ ಸಿಕ್ಕಿತು. ಪೊಲೀಸರು, ಊರವರು ಹಳ್ಳಕೊಳ್ಳವನ್ನೆಲ್ಲ ಹುಡುಕಿದರು. ಏನೂ ಸಿಗಲಿಲ್ಲ. ಮುನಿಗಳ ಸಂಘದ ಹಿಂದೆ ಹೋಗಿರಬೇಕು ಎಂದು ಯಾರೋ ಅಂದದ್ದಕ್ಕೆ ಸರ್ ಎಲ್ಲೆಲ್ಲಿಯದೋ ಬಸದಿಗಳಿಗೆ ಅಲೆದು ಬಂದರು. ವಾರದ ನಂತರ ಕಾಲೇಜಿಗೆ ಬಂದಾಗ ಎಂದಿನಂತೆಯೇ ಪಾಠ ಮಾಡಿದರು. ಕೇಳಿದವರಿಗೆಲ್ಲ ಒಂದೇ ಉತ್ತರ: ಗೊತ್ತಿಲ್ಲ.

ರಾಜಮತಿ ಅಂಗನವಾಡಿ ಶಿಕ್ಷಕಿ. ನನಗಿಂತ ಕೆಲವೇ ವರ್ಷ ದೊಡ್ಡವಳು, ಮಕ್ಕಳಿರಲಿಲ್ಲ. ಹುಕ್ಕೇರಿ ಕಡೆಯ, ಹೆಂಡತಿ ತೀರಿಕೊಂಡಿದ್ದ ಒಬ್ಬ ಶಾಲಾ ಮಾಸ್ತರರು ಅವಳನ್ನು ಮದುವೆಯಾಗುತ್ತೇನೆ ಎಂದು ಕೇಳಿ ಕಳಿಸಿದ್ದರು. ಅವಳಿಗೂ ಮನಸ್ಸಿತ್ತು. ಅದನ್ನು ಅವಳೇ ನನ್ನೆದುರು ಹೇಳಿದಳು, ಅಂಗಳದಲ್ಲಿ ಅಕ್ಕಿ ಆರಿಸುತ್ತ, ತಲೆ ಎತ್ತದೆ. ಗಂಡ ಕಾಣೆಯಾಗಿ ಏಳು ವರ್ಷ ತುಂಬಿತ್ತು. ಅಷ್ಟು ಕಾಲ ಸುದ್ದಿಯಿಲ್ಲದಿದ್ದರೆ ಆ ಮನುಷ್ಯ ಇಲ್ಲವೆಂದೇ ಹಿಡಿದು ಕೋರ್ಟು ಅವಳನ್ನು ಆ ಮದುವೆಯಿಂದ ಬಿಡಿಸುತ್ತದೆ, ಮನೆಯ ಹಿರಿಯರಾಗಿ ಚೌಗುಲೆಯವರು ಬಂದು ಸಾಕ್ಷಿ ಹೇಳಿದರೆ ಸಾಕು ಎಂದು ವಕೀಲರು ಅವಳ ಕೈಯಲ್ಲಿ ಹೇಳಿ ಕಳಿಸಿದ್ದರು.

ಸರ್ ಒಲ್ಲೆ ಅಂದರು. ಅವಳು ಮದುವೆಯಾಗುವುದಕ್ಕೆ ಅವರ ಅಡ್ಡಿ ಇರಲಿಲ್ಲ. ಆ ಮಾಸ್ತರರ ಬಗ್ಗೆ ತಾವೇ ವಿಚಾರಿಸಿ, ಒಳ್ಳೆಯವರು ಎಂದು ತಿಳಿದುಕೊಂಡು ಬಂದಿದ್ದರು. ಸಾಕ್ಷಿ ಮಾತ್ರ ಹೇಳಲಾರೆ. ಜಿನದತ್ತ ಸತ್ತಿದ್ದಾನೆ ಎಂದು ದೇವರ ಮೇಲೆ ಪ್ರಮಾಣ ಮಾಡಿ ಹೇಗೆ ಹೇಳಲಿ, ನನಗೆ ಗೊತ್ತಿಲ್ಲದ್ದನ್ನು? ಆ ಮನೆಯಲ್ಲಿ ಭಾವನ ಮಾತು ಮೀರಿ ಕೋರ್ಟಿಗೆ ಹೋಗುವುದು ರಾಜಮತಿಗೆ ಆಗದ ಮಾತು. ಒಂದು ವರ್ಷ ಹೀಗೇ ಕಳೆಯಿತು. ಮಾಸ್ತರರು ಕಾಯುತ್ತಿದ್ದರು.

ಒಂದು ಭಾನುವಾರ ನಾನೂ ಸರ್ರೂ ನಡುಮನೆಯಲ್ಲಿ ಕೂತು ಲೈಬ್ರರಿಯವರಿಗೆ ಉತ್ತರ ಬರೆಯುತ್ತಿದ್ದೆವು. ಸರ್ ಹುರುಪಿನಲ್ಲಿದ್ದರು. ಉತ್ತರವಿಲ್ಲದ ಕಡೆ ಉತ್ತರವಿಲ್ಲ ಎನ್ನಲು ಈ ಜನಕ್ಕೇನು ಕಷ್ಟ ಎಂದು ನನಗೆ ಬರೆಸುತ್ತಿದ್ದರು. ಚಹಾ ತಂದ ರಾಜಮತಿ ಲೋಟ ಇಟ್ಟು ಅಲ್ಲೇ ನಿಂತಳು. ಆಕೆ ಭಾವನ ಎದುರು ನಿಂತು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಭಾವಾರ, ನಿಮ್ಮ ಲೆಕ್ಕಕ್ಕ ಉತ್ತರ ಇರದಿದ್ರ ಅದು ಹಂಗ ಇರಬಹುದ್ರಿ. ನಾ ದಿನಾ ಮುಂಜಾನೆ ಏಳಬೇಕು. ಕುಂಕುಮ ಹಚ್ಚಲ್ಯೋ ಬ್ಯಾಡೋ ಅಂತ ಕನ್ನಡಿ ಮುಂದ ನಿಂದರಬೇಕು. ಸತ್ತವರ ಮನ್ಯಾಗಿನ ಸೂತಕ ಸೈತ ಒಂದಿನ ಮುಗೀತೈತ್ರಿ. ನಂದು ಮುಗೀವಲ್ದು."

ಅವಳು ಒಳಗೆ ಹೋದಳು. ಸರ್ ಚಹಾ ಲೋಟ ಸರಿಸಿ, ಎಲ್ಲಿಗೆ ಬಂದಿದ್ದೆವು ಎಂದು ನನ್ನನ್ನು ಕೇಳಿ, ಮುಂದಿನ ವಾಕ್ಯ ಬರೆಸಿದರು. ನನಗೆ ಆ ಹೊತ್ತು ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ದೇಸೂರಿಗೆ ಬರುವ ತನಕ ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು, ಇರುವೆಗಿರುವ ಕರುಣೆ ಮನೆಯ ಹೆಣ್ಣುಮಗಳಿಗಿಲ್ಲವಲ್ಲ ಎಂದು ಗೊಣಗಿಕೊಂಡೇ ಬಂದೆ.

ಅದಾದ ಮೇಲೂ ಒಂದು ಮಳೆಗಾಲ ದಾಟಿತು. ಮಾಸ್ತರರ ತಾಯಿ ಹಾಸಿಗೆ ಹಿಡಿದರು, ಮನೆಗೆ ಹೆಣ್ಣು ದಿಕ್ಕು ಬೇಕಾಯಿತು. ಅವರು ಬೇರೆ ಮದುವೆ ಮಾಡಿಕೊಂಡರು. ಸುದ್ದಿ ಬಂದ ದಿನ ರಾಜಮತಿ ಎಂದಿನಂತೆ ಅಂಗನವಾಡಿಗೆ ಹೋಗಿ ಬಂದಳಂತೆ. ಆಮೇಲಿನ ವಾರ ಯಾರನ್ನೂ ಕೇಳದೆ ವಕೀಲರ ಹತ್ತಿರ ಹೋಗಿ ಅರ್ಜಿ ಹಾಕಿದಳು. ಈಗ್ಯಾಕೆ ಅಕ್ಕ ಎಂದು ಕೇಳಿದೆ. ಮದುವೆಗಲ್ಲ, ನಾನು ಯಾರು ಅಂತ ನನಗೊಂದು ಗೊತ್ತಾಗಬೇಕು ಅಂದಳು. ಸರ್‌ಗೆ ಸಾಕ್ಷಿಯಾಗಿ ಬರಲು ಕೋರ್ಟಿನಿಂದ ಸಮನ್ಸ್ ಬಂತು.

ಆ ದಿನ ನಾನು ರಜೆ ಹಾಕಿ ಖಾನಾಪುರಕ್ಕೆ ಹೋದೆ. ಸರ್ ಬಿಳಿ ಅಂಗಿ ತೊಟ್ಟು ಬಂದಿದ್ದರು, ಮುಖ ಬಾಡಿತ್ತು, ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ಎಂದು ಅವರ ಹೆಂಡತಿ ಪಿಸುಗುಟ್ಟಿದರು. ಸತ್ತಿದ್ದಾನೆಯೇ ಎಂದು ಕೇಳಿದರೆ ಗೊತ್ತಿಲ್ಲ ಎಂದೇ ಹೇಳುವುದು, ಅದರಿಂದ ಅವಳ ಅರ್ಜಿ ಬಿದ್ದರೆ ಆ ಪಾಪವನ್ನೂ ಹೊರುವುದು ಎಂದು ನಿರ್ಧರಿಸಿಕೊಂಡೇ ಅವರು ಕಟಕಟೆ ಹತ್ತಿದ್ದರು. ನ್ಯಾಯಾಧೀಶರು, ಜಿನದತ್ತ ನಿಮಗೇನಾಗಬೇಕು ಎಂದು ಕೇಳಿದರು. ಕೊನೆಗೆ ಯಾವಾಗ ನೋಡಿದಿರಿ ಎಂದು ಕೇಳಿದರು. ಆಮೇಲೆ ಅವರು ಜೀವಂತ ಇದ್ದಾರೆಂದು ಫೋನಾಗಲಿ, ಕಾಗದವಾಗಲಿ, ಯಾರ ಬಾಯಿಂದಾಗಲಿ ಸುದ್ದಿ ಬಂದಿದೆಯೇ ಎಂದು ಕೇಳಿದರು. ಸರ್ ಇಲ್ಲ ಅಂದರು. ಆಯಿತು, ಇಳಿಯಿರಿ ಅಂದರು. ಸರ್ ಇಳಿಯಲಿಲ್ಲ. ಮುಂದಿನ ಪ್ರಶ್ನೆಗೆ ಕಾಯುತ್ತ ಕಟಕಟೆ ಹಿಡಿದುಕೊಂಡು ನಿಂತೇ ಇದ್ದರು. ಜವಾನ ಬಂದು ಮೊಳಕೈ ಮುಟ್ಟಬೇಕಾಯಿತು.

ಹೊರಗೆ ಬೇವಿನ ಮರದ ಕೆಳಗೆ ಅವರು ವಕೀಲರನ್ನು ತಡೆದು ನಿಲ್ಲಿಸಿದರು.

"ಅಂವ ಸತ್ತಾನೇನು ಅಂತ ಕೇಳಲಿಲ್ಲಲ್ರಿ ಅವರು."

"ಅದನ್ಯಾಕ ಕೇಳ್ತಾರ್ರಿ ಸರ್? ಸತ್ತದ್ದು ಯಾರಿಗೆ ಗೊತ್ತಿರತೈತಿ? ಸುದ್ದಿ ಬಂದೈತೋ ಇಲ್ಲೋ, ಕಾನೂನ ಕೇಳೂದು ಅಷ್ಟ. ಉಳಕಿದ್ದು ಕೋರ್ಟ ಹಿಡಕೊಂತೈತಿ."

"ಮೊದಲ ಯಾಕ ಹೇಳಲಿಲ್ರಿ ನನಗ?"

"ನೀವ ನಮ್ಮ ಆಫೀಸಿಗೆ ಒಮ್ಮೆ ಸೈತ ಬರಲಿಲ್ಲಲ್ರಿ."

ವಕೀಲರು ಕುಹಕಕ್ಕೆ ಹೇಳಿದ ಮಾತಲ್ಲ, ಅವರಿಗೆ ಇನ್ನೊಂದು ಕೇಸಿತ್ತು, ಹೋದರು. ಸರ್ ಮರದ ಕಟ್ಟೆಯ ಮೇಲೆ ಕೂತುಬಿಟ್ಟರು, ಒರೆಸದೆ. ಲೈಬ್ರರಿಯ ಒಂದು ಸಾಲು ಅರ್ಥವಾಗದಿದ್ದರೆ ನಾಲ್ಕು ಜನಕ್ಕೆ ಬರೆದು ಕೇಳುವ ಮನುಷ್ಯ, ಕೋರ್ಟಿನಲ್ಲಿ ತನ್ನನ್ನು ಏನು ಕೇಳುತ್ತಾರೆ ಎಂಬ ಒಂದು ಮಾತನ್ನು ಎರಡು ವರ್ಷದಲ್ಲಿ ಯಾರನ್ನೂ ಕೇಳಿರಲಿಲ್ಲ. ಯಾರೂ ಹೇಳು ಎನ್ನದ ಸುಳ್ಳನ್ನು ಹೇಳಲಾರೆ ಎಂದು ಹಟ ಹಿಡಿದು ಕೂತಿದ್ದರು. ಅಷ್ಟರಲ್ಲಿ ರಾಜಮತಿ ಕಳೆದುಕೊಳ್ಳಬೇಕಾದದ್ದನ್ನು ಕಳೆದುಕೊಂಡಾಗಿತ್ತು. ಅವಳು ಬಂದು, ನೀರು ಕುಡಿಯಿರಿ ಭಾವ ಎಂದು ಬಾಟಲಿ ಕೊಟ್ಟಳು. ಅವರು ಇಸಿದುಕೊಂಡರು, ಅವಳ ಮುಖ ನೋಡಲಿಲ್ಲ.

ಆ ವಾರವೇ ಸರ್ ಲೈಬ್ರರಿಯವರಿಗೆ ಬರೆದರು. ಹಳೆಯ ಸೊನ್ನೆ ಹಾಗೇ ಇರಲಿ, ಅದನ್ನು ನಂಬಿದವರ ಕೆಲಸ ನಡೆಯಲಿ. ಪೂರ್ತಿ ಲೆಕ್ಕ ಬೇಕೆಂದು ಕೇಳಿದವರಿಗೆ ಮಾತ್ರ ಹೊಸ ದಾರಿಯಲ್ಲಿ ಉತ್ತರ ಕೊಡೋಣ, ಉತ್ತರವಿಲ್ಲದ್ದಕ್ಕೆ ನ್ಯಾನ್ ಅನ್ನೋಣ ಎಂದು. ಎಲ್ಲರೂ ಕೂಡಲೇ ಒಪ್ಪಿದರು. ಹೊಸದು ಸೇರಿದ ಸಂಜೆ ಆಫೀಸಿನಲ್ಲಿ ನಾನು ಮೈನಸ್ ಅರ್ಧ ಕೊಟ್ಟು ನೋಡಿದೆ. ಒಂದೂ ಮುಕ್ಕಾಲಿಗಿಂತ ತುಸು ಹೆಚ್ಚು ಬಂತು, ಪೈಯ ವರ್ಗಮೂಲ, ಸರಿಯಾದ ಉತ್ತರ. ಸರ್, ಬಂತು ನೋಡಿ ಎಂದು ಕರೆದೆ. ವರ್ಷಗಟ್ಟಲೆ ಅದಕ್ಕಾಗಿ ಬಡಿದಾಡಿದವರು ಕನ್ನಡಕ ಸರಿಮಾಡಿಕೊಂಡು ನೋಡಿ, ಚಲೋ ಆತು ತಂಗಿ ಅಂದರು, ಅಷ್ಟೇ. ಅವರ ದನಿಯಲ್ಲಿ ಗೆದ್ದವರ ಕಳೆ ಇರಲಿಲ್ಲ.

ಕೋರ್ಟಿನ ತೀರ್ಪು ರಾಜಮತಿಯ ಪರವಾಗಿ ಬಂತು. ಅವಳು ಹುಕ್ಕೇರಿಯ ತವರಿಗೆ ಹೋದಳು. ಈಗ ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ, ಮತ್ತೆ ಮದುವೆಯ ಮಾತೆತ್ತಿಲ್ಲ. ಸರ್ ಮುಂದಿನ ಬೇಸಿಗೆಯಲ್ಲಿ ನಿವೃತ್ತರಾಗಬೇಕಿತ್ತು. ಅದಕ್ಕೂ ಮುಂಚೆ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಅವರನ್ನು ನಾನು ಕೊನೆಯ ಸಲ ನೋಡಿದ್ದು ರೈಲಿನಲ್ಲೇ. ಅಂದು ಬೋಗಿಯಲ್ಲಿ ಮಂದಿ ಕಡಿಮೆ ಇದ್ದರು. ಅವರು ಹೊರಗೆ ನೋಡುತ್ತ, ನಾನೇನೂ ಕೇಳದೆಯೇ ಹೇಳತೊಡಗಿದರು.

"ಕೀಲಿ ಗಾಡ್ಯಾಗ ಇತ್ತು ತಂಗಿ. ನಮ್ಮ ಜಿನದತ್ತ ಮನಿ ಅಂಗಳದಾಗ ಗಾಡಿ ಹಚ್ಚಿದ್ರೂ ಕೀಲಿ ತಗೊಂಡ ಒಳಗ ಬರಾಂವ. ಹೊಳ್ಳಿ ಬರಾವ್ರು ಯಾರರ ಕೀಲಿ ಬಿಟ್ಟು ಹೋಗ್ತಾರೇನು? ಅವತ್ತ ಗಾಡಿ ನೋಡಿದ ಕೂಡಲೆ ನನಗ ಗೊತ್ತಾತು, ಅಂವ ಉಳದಿಲ್ಲಂತ. ನಾ ಗೊತ್ತಿಲ್ಲ, ಗೊತ್ತಿಲ್ಲ ಅಂದದ್ದು ಲೆಕ್ಕ ಅಲ್ಲ. ಹೇಳಾಕ ಬಾಯಿ ಬರಲಿಲ್ಲ."

ಇದನ್ನು ರಾಜಮತಿಯಕ್ಕನಿಗೆ ಹೇಳಿದ್ದೀರಾ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ದೇಸೂರು ಬಂತು, ಇಳಿದೆ.

ಅವರು ಹೋಗಿ ಕೆಲವು ದಿನಗಳಾದ ಮೇಲೆ ರಾಜಮತಿ ಫೋನು ಮಾಡಿದಳು. ಹುಕ್ಕೇರಿಯಲ್ಲಿ ಮಂದಿ ಭಾವನನ್ನು ಆಡಿಕೊಳ್ಳುತ್ತಾರೆ, ನಿನ್ನ ಬಾಳು ಹಾಳು ಮಾಡಿದ ಅನ್ನುತ್ತಾರೆ, ನನಗೆ ಅದು ಸೇರುವುದಿಲ್ಲ ಅಂದಳು. ಆಮೇಲೆ ಹೇಳಿದಳು.

"ಅವರಿಗೆ ಖರೇನ ಗೊತ್ತಿರಲಿಲ್ಲ ತಂಗಿ. ಗೊತ್ತಿದ್ರ ನನಗ ಹೇಳದ ಇರತಿದ್ದಿಲ್ಲ ಅವರು. ಆ ಒಂದು ಮಾತಿನ ಮ್ಯಾಲ ನಾ ಎಲ್ಲಾ ಬಿಟ್ಟಕೊಟ್ಟೇನಿ. ನೀ ಅವರ ಬಾಜೂಕ ಇದ್ದಾಕಿ, ನಿನಗ ಗೊತ್ತೈತಲ್ಲ?"

ಹೌದಕ್ಕಾ, ಗೊತ್ತೈತಿ ಅಂದೆ.